ಹೊರಗೆ ಉರ್ದು ಬೋರ್ಡು, ಒಳಗೆ ಕನ್ನಡ ಪಾಠ!

ಹಲಬರ್ಗಾ ಎಲ್ಲಿದೆ?

ಕನ್ನಡದ ತರುಣರೇ, ಎದೆ ಮುಟ್ಟಿಕೊಂಡು ಹೇಳಿ. ಗೊತ್ತಿಲ್ಲ, ಅಲ್ಲವೇ? ಇಂಗ್ಲೆಂಡಿನ ಫುಟ್‌ಬಾಲ್ ತಂಡಗಳ ಹೆಸರು ಬಾಯಿಪಾಠ. ಅಮೆರಿಕದ ರಾಜ್ಯಗಳ ಹೆಸರೂ ಗೊತ್ತು. ಬೀದರದಿಂದ ಭಾಲ್ಕಿಗೆ ಹೋಗುವ ರೈಲು ದಾರಿಯಲ್ಲಿರುವ ನಮ್ಮದೇ ನಾಡಿನ ಊರೊಂದು ಗೊತ್ತಿಲ್ಲ. ಹಲಬರ್ಗಾ ಭಾಲ್ಕಿ ತಾಲ್ಲೂಕಿನ ಊರು. ಅದೇ ಹಳಿ ಮುಂದೆ ಭಾಲ್ಕಿ, ಕಮಲನಗರ ದಾಟಿ ಮಹಾರಾಷ್ಟ್ರದ ಉದಗೀರಕ್ಕೆ ಹೋಗುತ್ತದೆ. ಕರ್ನಾಟಕದ ನೆತ್ತಿ ಅದು. ನೆತ್ತಿಯ ಮೇಲೆ ಏನಿದೆ ಎಂಬುದು ಗೊತ್ತಿಲ್ಲದವರು ಕಾಲ ಕೆಳಗಿನ ನೆಲವನ್ನು ಹೇಗೆ ಉಳಿಸಿಕೊಳ್ಳುತ್ತಾರೆ?

ಬೆಂಗಳೂರಿಗೆ ಓದಲು ಬಂದ ಬೀದರದ ಹುಡುಗನನ್ನು ನಮ್ಮವರು ಕೇಳುವ ಮೊದಲ ಪ್ರಶ್ನೆ ಏನು ಗೊತ್ತೇ? ‘ನಿಮ್ಮಲ್ಲಿ ಕನ್ನಡ ಮಾತಾಡ್ತಾರಾ?’ ಅವನ ಬಾಯಲ್ಲಿ ಒಂದು ಉರ್ದು ಪದ ಬಂದರೆ ಸಾಕು, ಸುತ್ತ ನಿಂತವರು ಮುಸಿಮುಸಿ ನಗುತ್ತಾರೆ. ನಗುವ ಮಹಾಶಯರೇ, ನೀವು ಕಚೇರಿಗೆ ಹೋಗಿ ಅರ್ಜಿ ಕೊಡುತ್ತೀರಲ್ಲ, ವಕೀಲರನ್ನು ಕಂಡು ದಾಖಲೆ ತೋರಿಸುತ್ತೀರಲ್ಲ, ತಹಶೀಲ್ದಾರರ ಮುಂದೆ ಕೈಕಟ್ಟಿ ನಿಲ್ಲುತ್ತೀರಲ್ಲ, ಈ ಪದಗಳು ಎಲ್ಲಿಂದ ಬಂದವು? ನಿಮ್ಮ ಬಾಯಲ್ಲಿದ್ದರೆ ಕನ್ನಡ, ಬೀದರದವನ ಬಾಯಲ್ಲಿದ್ದರೆ ಬೆರಕೆಯೇ?

ಕವಿರಾಜಮಾರ್ಗ ಒಂಬತ್ತನೆಯ ಶತಮಾನದಲ್ಲೇ ಕನ್ನಡ ನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಗುರುತಿಸಿತು. ಕಾವೇರಿಗಾಗಿ ನಾವು ಬೀದಿಗಿಳಿದಿದ್ದೇವೆ, ಲಾಠಿ ಏಟು ತಿಂದಿದ್ದೇವೆ. ಗೋದಾವರಿಯ ನಂಟು ಮಾತ್ರ ಮರೆತಿದ್ದೇವೆ. ಬೀದರ ಜಿಲ್ಲೆಯಲ್ಲಿ ಹರಿಯುವ ಮಾಂಜರಾ ಹೋಗಿ ಸೇರುವುದು ಗೋದಾವರಿಯನ್ನೇ. ಆ ಕೊನೆ ಇಂದಿಗೂ ನಮ್ಮ ಕೈಯಲ್ಲಿದೆ. ನಮ್ಮ ತಲೆಯಲ್ಲಿ ಇಲ್ಲ, ಅಷ್ಟೆ.

ಅರಮನೆಯದು ಒಂದು ನುಡಿ, ಬೀದಿಯದು ಇನ್ನೊಂದು

ಬೀದರದ ನೆಲದ ಕಥೆ ಕೇಳಿ. ನಿಮ್ಮ ಪಠ್ಯಪುಸ್ತಕ ಇದನ್ನು ಎರಡು ಸಾಲಿನಲ್ಲಿ ಮುಗಿಸಿರುತ್ತದೆ.

ಇಂದಿನ ಬಸವಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿತ್ತು. ಆರನೆಯ ವಿಕ್ರಮಾದಿತ್ಯ 1076ರಲ್ಲಿ ಪಟ್ಟಕ್ಕೆ ಬಂದು ಶಕ ವರ್ಷವನ್ನೇ ಬದಿಗಿಟ್ಟು ತನ್ನ ಹೆಸರಿನಲ್ಲಿ ಹೊಸ ಶಕೆ ಆರಂಭಿಸಿದ. ದೂರದ ಕಾಶ್ಮೀರದಿಂದ ಬಿಲ್ಹಣನೆಂಬ ಕವಿ ಆಶ್ರಯ ಹುಡುಕಿಕೊಂಡು ಈ ಆಸ್ಥಾನಕ್ಕೆ ಬಂದ. ಇಲ್ಲೇ ವಿಜ್ಞಾನೇಶ್ವರ ‘ಮಿತಾಕ್ಷರಾ’ ಬರೆದ. 1810ರಲ್ಲಿ ಕೋಲ್‌ಬ್ರೂಕ್ ಎಂಬ ಇಂಗ್ಲಿಷಿನವನು ಅದರ ದಾಯಭಾಗದ ಪ್ರಕರಣವನ್ನು ಭಾಷಾಂತರಿಸಿದ. ಬಂಗಾಳ, ಅಸ್ಸಾಮಿನ ಕಡೆ ಬಿಟ್ಟರೆ ಭಾರತದ ಬಹುಭಾಗದ ನ್ಯಾಯಾಲಯಗಳು ಹಿಂದೂ ಕುಟುಂಬಗಳ ಆಸ್ತಿ ಪಾಲಿಗೆ ಅದನ್ನೇ ಆಧಾರವಾಗಿ ಹಿಡಿದವು. ನಿಮ್ಮ ತಾತ ಅಣ್ಣತಮ್ಮಂದಿರ ಜೊತೆ ಪಾಲು ಮಾಡಿಕೊಂಡಿದ್ದರೆ, ಆ ಪಾಲುಪಟ್ಟಿಯ ಬೇರು ಇಂದಿನ ಬೀದರ ಜಿಲ್ಲೆಯಲ್ಲಿದೆ!

ಹುಮನಾಬಾದ್ ತಾಲ್ಲೂಕಿನ ಜಲಸಂಗಿಗೆ ಹೋಗಿ. ಅಲ್ಲಿಯ ಚಾಲುಕ್ಯರ ಕಾಲದ ಗುಡಿಯ ಗೋಡೆಯಲ್ಲಿ ಒಬ್ಬ ಶಿಲಾಬಾಲಿಕೆ ನಿಂತಿದ್ದಾಳೆ. ಕೈಯಲ್ಲಿ ಕನ್ನಡಿ ಇಲ್ಲ, ಹೂ ಇಲ್ಲ. ಆಕೆ ಬರೆಯುತ್ತಿದ್ದಾಳೆ! ವಿಕ್ರಮಾದಿತ್ಯನನ್ನು ಹೊಗಳುವ ಶಾಸನ ಅದು. ಸುಮಾರು 900 ವರ್ಷಗಳ ಹಿಂದೆ ಹೆಣ್ಣಿನ ಕೈಗೆ ಬರಹ ಕೊಟ್ಟ ಶಿಲ್ಪಿಯ ನಾಡು ಇದು.

ಆದರೆ ಒಂದು ಮಾತು ಗಮನಿಸಿ. ಆ ಬಾಲಿಕೆ ಬರೆಯುತ್ತಿರುವುದು ಸಂಸ್ಕೃತ. ಬಿಲ್ಹಣ ಬರೆದದ್ದು ಸಂಸ್ಕೃತ, ವಿಜ್ಞಾನೇಶ್ವರ ಬರೆದದ್ದೂ ಸಂಸ್ಕೃತ. ಅದೇ ಕಲ್ಯಾಣದಲ್ಲಿ ಕೆಲವೇ ದಶಕಗಳ ನಂತರ ಅಂಬಿಗ, ಮಾದಾರ, ಮಡಿವಾಳ, ಸೂಳೆ ಎಂದು ಊರು ಹೊರಗಿಟ್ಟವರೆಲ್ಲ ಸೇರಿ ದೇವರ ಜೊತೆ ಕನ್ನಡದಲ್ಲಿ ಜಗಳಕ್ಕೆ ನಿಂತರು. ಇಂದು ನಮ್ಮ ಜನರ ನಾಲಿಗೆಯ ಮೇಲಿರುವುದು ಬಿಲ್ಹಣನೋ, ಬಸವಣ್ಣನೋ?

ಮುಂದೆ ಬಹಮನಿ ಸುಲ್ತಾನರು ಬಂದರು. ಅಹಮದ್ ಷಾ ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ತಂದ. ಇರಾನಿನ ಗೀಲಾನದಿಂದ ಬಂದ ಮಹಮೂದ್ ಗವಾನ್ 1472ರಲ್ಲಿ ಇಲ್ಲಿ ಮದರಸಾ ಕಟ್ಟಿದ. ಅದು ಆ ಕಾಲದ ದೊಡ್ಡ ವಿದ್ಯಾಪೀಠ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಅದಕ್ಕೂ ಸುಮಾರು ಮೂರು ದಶಕ ಮೊದಲೇ ರಷ್ಯಾದ ಅಫನಾಸಿ ನಿಕಿತಿನ್ ಎಂಬ ವ್ಯಾಪಾರಿ ಬೀದರದ ಬೀದಿಯಲ್ಲಿ ಓಡಾಡಿದ್ದ. ಶ್ರೀಮಂತರ ವೈಭೋಗವನ್ನೂ ಬಡವರ ಬವಣೆಯನ್ನೂ ಎರಡು ಕಣ್ಣಿನಿಂದ ಕಂಡು ಬರೆದಿಟ್ಟ. ನೌಬಾದಿನಲ್ಲಿ ಭೂಮಿಯೊಳಗೆ ಸುರಂಗ ಕೊರೆದು ನೀರು ಹರಿಸಿದ ‘ಕರೇಜ್’ ಇದೆ. ಮೇಲೆ ನಿಂತವನಿಗೆ ಏನೂ ಕಾಣದು. ಬಾವಿಗೆ ಬಗ್ಗಿ ನೋಡಿದರೆ ಮಾತ್ರ ಕಾಣುತ್ತದೆ.

ಬೀದರದ ಕನ್ನಡವೂ ಹಾಗೆಯೇ. ಅಷ್ಟೂರಿನಲ್ಲಿ ಅದೇ ಅಹಮದ್ ಷಾನ ಗುಮ್ಮಟವಿದೆ. ಅವನು ಸತ್ತದ್ದು 1436ರಲ್ಲಿ. ಗುಮ್ಮಟದ ಒಳಗೋಡೆಯ ತುಂಬ ಬಣ್ಣಬಣ್ಣದ ಅರಬ್ಬಿ, ಪಾರ್ಸಿ ಅಕ್ಷರ. ಆದರೆ ಸುತ್ತಲಿನ ಲಿಂಗಾಯತ ಭಕ್ತರು ಆ ಸುಲ್ತಾನನನ್ನು ಅಲ್ಲಮಪ್ರಭು ಎಂದೇ ನಂಬಿ ನಡೆದುಕೊಳ್ಳುತ್ತಾರೆ! ಹೋಳಿ ಹುಣ್ಣಿಮೆ ಕಳೆದ ಮೇಲೆ ನಡೆಯುವ ಉರುಸಿಗೆ ಆಳಂದ ತಾಲ್ಲೂಕಿನ ಮಾಡಿಯಾಳದಿಂದ ಜಂಗಮರು ನಡೆದು ಬರುತ್ತಾರೆ. ಗೋಡೆಯ ಮೇಲೆ ಪಾರ್ಸಿ, ಭಕ್ತರ ಬಾಯಲ್ಲಿ ಅಲ್ಲಮ. ಜಾತಿ ಧರ್ಮದ ಹೆಸರಿನಲ್ಲಿ ಕನ್ನಡಿಗರನ್ನು ಒಡೆಯಲು ಹೊರಟವರು ಒಮ್ಮೆ ಅಷ್ಟೂರಿಗೆ ಹೋಗಿ ಬರಲಿ.

ಬೋರ್ಡು ಬಿಟ್ಟುಕೊಟ್ಟ ಸ್ವಾಮೀಜಿ

ಈಗ ಮುಖ್ಯ ವಿಷಯಕ್ಕೆ ಬರೋಣ.

ನಿಜಾಮನ ಆಳ್ವಿಕೆಯಲ್ಲಿ ಬೀದರ ಹೈದರಾಬಾದ್ ಸಂಸ್ಥಾನದ ಜಿಲ್ಲೆ. ಸರ್ಕಾರದ ಭಾಷೆ ಉರ್ದು. ನೌಕರಿ ಬೇಕಾದರೆ ಉರ್ದು, ಕೋರ್ಟಿಗೆ ಹೋದರೆ ಉರ್ದು. ಖಾಸಗಿ ಶಾಲೆ ತೆರೆಯಲೂ ಸರ್ಕಾರದ ಅಪ್ಪಣೆ ಬೇಕು. ಕನ್ನಡ ಅಡುಗೆಮನೆಯ ಭಾಷೆಯಾಗಿ, ಹೊಲದ ಭಾಷೆಯಾಗಿ ಉಸಿರು ಹಿಡಿದಿತ್ತು.

ಆಗ ಎದ್ದು ನಿಂತವರು ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು. ಹುಟ್ಟಿದ್ದು 1890ರಲ್ಲಿ, ಅಂದಿನ ಔರಾದ್ ತಾಲ್ಲೂಕಿನ ಕಮಲನಗರದಲ್ಲಿ. ಕನ್ನಡ ಶಾಲೆ ನಡೆಸಬೇಕು, ಆದರೆ ಕನ್ನಡ ಶಾಲೆ ಎಂದು ಬರೆದು ನೇತುಹಾಕಿದರೆ ನಡೆಯಲು ಬಿಡುವುದಿಲ್ಲ. ಏನು ಮಾಡಿದರು ಗೊತ್ತೇ? ಹೊರಗೆ ಉರ್ದು ಬೋರ್ಡು ಹಾಕಿದರು, ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು!

ಪೇಪರಿನಲ್ಲಿ ಫೋಟೋ ಬರಲಿಲ್ಲ. ಹಾರ ತುರಾಯಿ ಇರಲಿಲ್ಲ. ಬಾಗಿಲ ಮೇಲಿನ ಹಲಗೆಯನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟು, ಬಾಗಿಲ ಒಳಗಿನ ಮಗುವಿನ ನಾಲಿಗೆಯನ್ನು ಕನ್ನಡಕ್ಕೆ ಉಳಿಸಿಕೊಂಡರು. 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯನ್ನು ಭಾಷೆಯ ಲೆಕ್ಕದಲ್ಲಿ ಹಂಚಿದರು. ಉದಗೀರ, ನಿಲಂಗಾ, ಅಹಮದಪುರ ಅಂದಿನ ಮುಂಬಯಿ ರಾಜ್ಯಕ್ಕೆ ಹೋದವು. ನಾರಾಯಣಖೇಡ, ಜಹೀರಾಬಾದ್ ಆಂಧ್ರಕ್ಕೆ ಹೋದವು. ಬೀದರ, ಭಾಲ್ಕಿ, ಔರಾದ್ ನಮಗೆ ಬಂದವು. ಸುಮ್ಮನೆ ಬಂದವೇ? ಉರ್ದು ಬೋರ್ಡಿನ ಹಿಂದೆ ಕನ್ನಡ ಕಲಿತ ಮಕ್ಕಳು ಇಲ್ಲದಿದ್ದರೆ ಗಡಿಯ ಗೆರೆಗೆ ಬಲ ಎಲ್ಲಿಂದ ಬರುತ್ತಿತ್ತು? ಪಟ್ಟದ್ದೇವರು ನೂರು ದಾಟಿ ಬಾಳಿ 1999ರಲ್ಲಿ ತೀರಿಕೊಂಡರು. ಬೆಂಗಳೂರಿನ ಎಷ್ಟು ಕನ್ನಡಿಗರಿಗೆ ಅವರ ಹೆಸರು ಗೊತ್ತಿದೆ?

ಇಂದು ಎಲ್ಲ ತಲೆಕೆಳಗು

ಈಗ ಬೆಂಗಳೂರಿಗೆ ಬನ್ನಿ. 2023ರ ಡಿಸೆಂಬರಿನಲ್ಲಿ ಕನ್ನಡಪರ ಕಾರ್ಯಕರ್ತರು ನಾಮಫಲಕಕ್ಕಾಗಿ ಬೀದಿಗಿಳಿದರು, ಜೈಲಿಗೆ ಹೋದರು. 2024ರಲ್ಲಿ ಕಾನೂನು ತಿದ್ದುಪಡಿಯಾಯಿತು. ಫಲಕದ ಶೇ. 60 ಭಾಗ ಕನ್ನಡ ಇರಲೇಬೇಕು. ಸರಿಯಾದ ಕೆಲಸ. ಯಾರೂ ನಾಚಬೇಕಾಗಿಲ್ಲ. ಪಟ್ಟದ್ದೇವರು ಬೋರ್ಡು ಬಿಟ್ಟುಕೊಟ್ಟದ್ದು ರಾಜ್ಯ ನಮ್ಮದಾಗಿರಲಿಲ್ಲ ಎಂಬ ಕಾರಣಕ್ಕೆ. ಇಂದು ರಾಜ್ಯ ನಮ್ಮದು, ಬೋರ್ಡೂ ನಮ್ಮದೇ ಆಗಬೇಕು.

ಆದರೆ ಆ ಬೋರ್ಡಿನ ಕೆಳಗಿನ ಬಾಗಿಲು ತಳ್ಳಿ ಒಳಗೆ ಹೋಗಿ ನೋಡಿ. ಕನ್ನಡ ಅಕ್ಷರದ ಫಲಕ ಹೊತ್ತ ಅಂಗಡಿಯಲ್ಲಿ ಕನ್ನಡದಲ್ಲಿ ಕೇಳಿದರೆ ಉತ್ತರ ಯಾವ ಭಾಷೆಯಲ್ಲಿ ಬರುತ್ತದೆ? ಕನ್ನಡ ಹೆಸರಿನ ಶಾಲೆಯಲ್ಲಿ ಮಗು ಕನ್ನಡ ಮಾತಾಡಿದರೆ ಟೀಚರ್ ಏನು ಹೇಳುತ್ತಾರೆ? ಕನ್ನಡದ ಬಾವುಟ ಹಾರಿಸುವ ನಾಯಕರ ಮಕ್ಕಳು ಓದುವುದು ಎಲ್ಲಿ? ನಿಜಾಮನ ಕಾಲದಲ್ಲಿ ಹೊರಗೆ ಉರ್ದು, ಒಳಗೆ ಕನ್ನಡ. ನಮ್ಮ ಕಾಲದಲ್ಲಿ ಹೊರಗೆ ಕನ್ನಡ, ಒಳಗೆ ಖಾಲಿ! ಯಾವುದು ಗೆಲುವು, ನೀವೇ ಹೇಳಿ.

ಒಳಗಿನದನ್ನು ಕಾನೂನಿನಿಂದ ತರುತ್ತೇವೆ ಎನ್ನುವವರಿಗೆ 2014ರ ಮೇ 6 ನೆನಪಿರಲಿ. ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟು ಅಂದೇ ತೀರ್ಪು ಕೊಟ್ಟಿತು. ಬೋರ್ಡಿಗೆ ಕಾಯ್ದೆ ಇದೆ, ನಾಲಿಗೆಗೆ ಕಾಯ್ದೆ ಇಲ್ಲ. ಅದನ್ನು ನಾವೇ ಕಟ್ಟಬೇಕು.

ಕಟ್ಟುವುದು ಹೇಗೆಂದು ಬೇಕಾದರೆ ನಿಜಾಮನಿಂದಲೇ ಕಲಿಯಿರಿ! ಕೋಪ ಬಂತೇ? ಕೇಳಿ. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾಯಿತು. ಬ್ರಿಟಿಷರ ಕಾಲದಲ್ಲಿ, ಉಳಿದ ಬಹುತೇಕ ವಿಶ್ವವಿದ್ಯಾಲಯಗಳು ಇಂಗ್ಲಿಷಿನಲ್ಲಿ ಪಾಠ ಹೇಳುತ್ತಿದ್ದಾಗ, ಅದು ಉರ್ದುವಿನಲ್ಲಿ ವೈದ್ಯಶಾಸ್ತ್ರ ಕಲಿಸಿತು, ಎಂಜಿನಿಯರಿಂಗ್ ಕಲಿಸಿತು. ಅದಕ್ಕಾಗಿ ಒಂದು ವರ್ಷ ಮೊದಲೇ ಭಾಷಾಂತರ ಕಚೇರಿ ತೆರೆದು ವಿಜ್ಞಾನದ ಪುಸ್ತಕಗಳನ್ನು ಸಾಲುಸಾಲಾಗಿ ಉರ್ದುವಿಗೆ ತಂದರು. ಕನ್ನಡದ ಮಗುವಿಗೆ ಅದು ಅನ್ಯಾಯವೇ. ಅನುಮಾನ ಬೇಡ. ಆದರೆ ಭಾಷೆ ಉಳಿಯುವುದು ಪಾಠದ ಕೋಣೆಯಲ್ಲಿ, ಅನ್ನದ ದಾರಿಯಲ್ಲಿ ಎಂಬುದು ಅವನಿಗೆ ಗೊತ್ತಿತ್ತು. ನಮ್ಮನ್ನು ಆಳುವವರಿಗೆ ಅದು ಗೊತ್ತಿಲ್ಲ. ರಾಜ್ಯ ಏಕೀಕರಣವಾಗಿ 1956ರಿಂದ ಇಷ್ಟು ದಶಕ ಕಳೆದವು. ಕನ್ನಡದಲ್ಲಿ ಪೂರ್ತಿ ಡಾಕ್ಟರಿಕೆ ಓದಿ ಹೊರಬಂದ ಒಬ್ಬನನ್ನು ತೋರಿಸಿ ನೋಡೋಣ!

ತರುಣರೇ, ಇಷ್ಟು ಮಾಡಿ

ಒಂದು: ಬೀದರದ ರೈಲು ಹತ್ತಿ. ಹಲಬರ್ಗಾ, ಭಾಲ್ಕಿ, ಕಮಲನಗರ ನೋಡಿ ಬನ್ನಿ. ಗೋವಾಕ್ಕೆ ಹೋಗುವ ದುಡ್ಡಿನಲ್ಲಿ ಅರ್ಧವೂ ಬೇಡ.

ಎರಡು: ಗಡಿ ತಾಲ್ಲೂಕುಗಳ ಕನ್ನಡ ಶಾಲೆಗಳಲ್ಲಿ ಎಷ್ಟು ಮೇಷ್ಟರ ಹುದ್ದೆ ಖಾಲಿ ಇವೆ ಎಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಕೇಳಿ. ಬಂದ ಉತ್ತರವನ್ನು ಹಿಡಿದು ಶಾಸಕರ ಮನೆಗೆ ಹೋಗಿ. 2019ರಲ್ಲಿ ‘ಕಲ್ಯಾಣ ಕರ್ನಾಟಕ’ ಎಂದು ಹೆಸರು ಬದಲಿಸಿದರು. ಅದೂ ಒಂದು ಬೋರ್ಡೇ. ಒಳಗೆ ಏನು ಕೊಟ್ಟರು ಎಂದು ಕೇಳಿ.

ಮೂರು: ನಿಮ್ಮ ಅಂಗಡಿ, ನಿಮ್ಮ ಆಫೀಸು, ನಿಮ್ಮ ಮನೆಯ ಒಳಗೆ ಕನ್ನಡ ನಡೆಸಿ. ಪಕ್ಕದಲ್ಲಿ ಕೂತ ಹೊರಗಿನವನಿಗೆ ದಿನಕ್ಕೆ ಹತ್ತು ಕನ್ನಡ ಮಾತು ಕಲಿಸಿ. ಬೈದು ಓಡಿಸುವುದು ಸುಲಭ, ಕೂರಿಸಿಕೊಂಡು ಕಲಿಸುವುದು ಕಷ್ಟ. ಪಟ್ಟದ್ದೇವರು ಆರಿಸಿಕೊಂಡದ್ದು ಕಷ್ಟದ್ದನ್ನೇ.

ನಾಲ್ಕು: ಬೀದರದ ಹುಡುಗ ಹುಡುಗಿ ಸಿಕ್ಕರೆ ‘ನಿಮ್ಮಲ್ಲಿ ಕನ್ನಡ ಮಾತಾಡ್ತಾರಾ’ ಎಂದು ಇನ್ನು ಮುಂದೆ ಕೇಳಬೇಡಿ. ಅವರ ಅಜ್ಜ ಅಜ್ಜಿಯರು ಕದ್ದುಮುಚ್ಚಿ ಕನ್ನಡ ಕಲಿತವರು. ನಿಮಗೆ ಹಾಡಹಗಲೇ ಕಲಿಯುವ ಸ್ವಾತಂತ್ರ್ಯವಿದೆ. ಕಲಿತಿದ್ದೀರಾ?

ಹೊರಗಿನ ಹಲಗೆಗೆ ಬಣ್ಣ ಬಳಿದದ್ದು ಸಾಕು. ಒಳಗೆ ಬನ್ನಿ, ಪಾಠ ಶುರುಮಾಡೋಣ!