ಮಷೀನ್ ಬಿಚ್ಚೋ ಮೊದಲು ಜಾಲರಿ ನೋಡ್ರಿ

ರಜೆಗೆ ಔರಾದ್‌ಗೆ ಹೋದಾಗ ಅವ್ವ ಅಂದಳು: "ಇಂಜಿನಿಯರ್ ಬಂದ ನೋಡು, ಮಷೀನ್‌ದಾಗ ನೀರೇ ಬರವಲ್ದು." ಮೆಕ್ಯಾನಿಕ್ ಆಗಲೇ ಬಂದು, ವಾಲ್ವ್ ಹೋಗ್ಯಾದ ಅಂತ ಹೇಳಿ ಹೋಗಿದ್ದ. ನಾನು ಪ್ಲಗ್ ತೆಗೆದು, ನಲ್ಲಿ ಬಂದ್ ಮಾಡಿ, ಹಿಂದಿನ ಪೈಪ್ ಬಿಚ್ಚಿದೆ. ವಾಲ್ವ್ ಬಾಯಿಯ ಸಣ್ಣ ಜಾಲರಿ ತುಂಬಾ ಮಣ್ಣು, ಬೋರ್ ನೀರಿನ ಸುಣ್ಣ. ಹಳೇ ಟೂತ್‌ಬ್ರಷ್‌ನಿಂದ ತಿಕ್ಕಿದೆ. ನೀರು ಬಂತು. ಖರ್ಚು ಸೊನ್ನೆ.

ಖುಷಿಗಿಂತ ನಾಚಿಕೆಯೇ ಹೆಚ್ಚಾಯ್ತು. ಪರೀಕ್ಷೆಯಲ್ಲಿ ಕೇಂದ್ರಾಪಗಾಮಿ ಬಲದ ಲೆಕ್ಕ ಬಿಡಿಸಿದ ನಾನು, ಮನೆ ಮಷೀನ್ ಹಿಂದೆ ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

ಮಷೀನ್ ಯಾವ ಥರದ್ದು ಅಂತ ತಿಳಿದ್ರೆ ಅರ್ಧ ರಿಪೇರಿ ಆದಂಗ. ಸೆಮಿ ಆಟೋಮ್ಯಾಟಿಕ್‌ನಲ್ಲಿ ಒಗೆಯೋ ಟಬ್ ಬೇರೆ, ಹಿಂಡೋ ಟಬ್ ಬೇರೆ. ಬಕೆಟ್‌ನಿಂದ ನೀರು ಹಾಕಿದ್ರೂ ನಡೀತದ. ಭಾಲ್ಕಿ, ಔರಾದ್ ಕಡೆ ನೀರು ಬಂದ ದಿನ ನೋಡಿ ಒಗೆಯೋ ಮನೆಗೆ ನನ್ನ ಮತ ಇದಕ್ಕೇ. ಹಿಂಡೋ ಟಬ್ ತಿರುಗದಿದ್ರೆ ಮೊದಲು ಮುಚ್ಚಳ ನೋಡ್ರಿ. ಸರಿ ಕೂಡದಿದ್ರೆ ಅದರ ಸ್ವಿಚ್ ಮೋಟಾರ್‌ಗೆ ಕರೆಂಟ್ ಬಿಡೋದಿಲ್ಲ. ಟಾಪ್ ಲೋಡ್ ಹಿಂಡುವಾಗ ಗಡಗಡ ಅಂದ್ರೆ ಬಟ್ಟೆ ಒಂದೇ ಕಡೆ ಸೇರಿರ್ತಾವ, ಇಲ್ಲಾ ಮಷೀನ್ ಕಾಲು ಸಮ ಇರೋದಿಲ್ಲ. ಫ್ರಂಟ್ ಲೋಡ್ ಬಟ್ಟೆಯನ್ನ ಎತ್ತಿ ಎತ್ತಿ ಬೀಳಿಸಿ ಒಗೀತದ, ನೀರು ಕಡಿಮೆ ಸಾಕು. ಆದ್ರೆ ಗಡಸು ನೀರಾದ್ರೆ ಹೀಟರ್ ಮೇಲೆ ಸುಣ್ಣ ಕಟ್ತದ. ನೀರು ಹೊರಗೆ ಹೋಗದಿದ್ರೆ ಕೆಳಗಿನ ಫಿಲ್ಟರ್‌ನಾಗ ನಾಣ್ಯ, ಗುಂಡಿ ಹುಡುಕ್ರಿ.

ಕೆಪಾಸಿಟರ್ ಮಾತ್ರ ಮುಟ್ಟಬ್ಯಾಡ್ರಿ. ಪ್ಲಗ್ ತೆಗೆದ ಮೇಲೂ ಅದರಾಗ ಚಾರ್ಜ್ ಉಳಿದಿರ್ತದ. ಅದು ಮೆಕ್ಯಾನಿಕ್ ಕೆಲಸ, ಅದಕ್ಕೆ ರೊಕ್ಕ ಕೊಡ್ರಿ. ಜಾಲರಿ ತೊಳೆಯೋದು ನಮ್ಮ ಕೆಲಸ.

ಇಲ್ಲಿ ಬೀದರ್‌ನಾಗ ನಮ್ಮ ಹಾಸ್ಟೆಲ್ ಮಷೀನ್ ಮೇಲೆ "ಕೆಟ್ಟಿದೆ" ಅಂತ ಚೀಟಿ ಅದ. ಬರೆದವರೂ ಇಂಜಿನಿಯರಿಂಗ್ ಹುಡುಗರೇ. ಶನಿವಾರ ಬರ್ರಿ, ಹಳೇ ಟೂತ್‌ಬ್ರಷ್ ತಗೊಂಡು.