ಬೇಲಿ ಪಕ್ಕದ ನೀರು ಯಾರದ್ದು?

ಇವತ್ತಿನ ಕಂತಿಗೆ ಅತಿಥಿಗಳಿಲ್ಲ, ಹೊಸ ಸಂಶೋಧನಾ ಪ್ರಬಂಧವೂ ಇಲ್ಲ. ಹಿತ್ತಲಿನ ಬೇಲಿ ಸಾಲಿನಲ್ಲಿ ನಿಲ್ಲುವ ನೀರಿನ ಬಗ್ಗೆ ನಮಗೊಂದು ಅಭಿಪ್ರಾಯ ಇದೆ, ಅದನ್ನ ಹೇಳಿಬಿಡೋಣ ಅಂತ. ಶಿಕಾಗೋ ಮತ್ತು ಡೆಟ್ರಾಯಿಟ್ ಕಡೆಯ ಕೇಳುಗರಿಗೆ ಇದು ಮಾರ್ಚ್‌ನಿಂದ ಜೂನ್‌ವರೆಗಿನ ಗೋಳು. ಹಿಮ ಕರಗತ್ತೆ, ಅಡಿಯಲ್ಲಿ ನೆಲ ಇನ್ನೂ ಹೆಪ್ಪುಗಟ್ಟಿರತ್ತೆ, ನೀರು ಇಳಿಯೋಕೆ ಜಾಗ ಇರೋದಿಲ್ಲ. ಅದು ಮುಗೀತು ಅನ್ನೋಷ್ಟರಲ್ಲಿ ಗುಡುಗು ಮಳೆ.

ಬೇಲಿ ಪಕ್ಕ ನಿಂತ ನೀರನ್ನ ಒಂದೇ ಮನೆಯ ತೊಂದರೆ ಅಂತ ತಿಳಿದು ಖರ್ಚು ಮಾಡಿದ ಹಣ ಹೆಚ್ಚಿನ ಸಲ ದಂಡ, ಇದು ನಮ್ಮ ವಾದ. ಇದನ್ನ ನಾವು ಓದಿ ಕಲಿತದ್ದಲ್ಲ, ತಪ್ಪು ಮಾಡಿ ಕಲಿತದ್ದು.

ನಮ್ಮ ಮನೆ ಇರೋದು ಶಿಕಾಗೋ ಪಶ್ಚಿಮಕ್ಕೆ, ನೇಪರ್‌ವಿಲ್ ಹತ್ತಿರ. ಮನೆ ತಗೊಂಡ ಎರಡನೇ ವರ್ಷ ಹಿಂದಿನ ಬೇಲಿಗೆ ಒತ್ತಿ ತರಕಾರಿ ಮಡಿ ಮಾಡಿದೆವು. ಅಲ್ಲಿ ನೆಲ ಸ್ವಲ್ಪ ತಗ್ಗು, ಯಾವಾಗಲೂ ಒದ್ದೆ. ಒಂದು ಲಾರಿ ಮಣ್ಣು ತರಿಸಿ ಎಂಟು ಇಂಚು ಏರಿಸಿದೆವು. ಹೀರೆ, ಪಡವಲ, ಮೆಂತ್ಯ ಎಲ್ಲ ಚೆನ್ನಾಗಿ ಬಂತು. ಬಂದವರಿಗೆಲ್ಲ ಬುಟ್ಟಿ ತುಂಬ ಕೊಟ್ಟು ಕಳಿಸಿದೆವು.

ಮರುವರ್ಷ ಮೇ ತಿಂಗಳಲ್ಲಿ ಪಕ್ಕದ ಮನೆಯ ಹಿರಿಯರು ಬೇಲಿ ಹತ್ತಿರ ಬಂದು, ಬಿಡುವಿದ್ದರೆ ಒಂದ್ಸಲ ಬೇಸ್‌ಮೆಂಟಿಗೆ ಬಂದು ನೋಡ್ತೀರಾ ಅಂತ ಕೇಳಿದರು. ಹೋದೆವು. ಸಂಪ್ ಪಂಪ್ ಎರಡು ಮೂರು ನಿಮಿಷಕ್ಕೊಮ್ಮೆ ಗುರ್ ಅಂತ ಓಡ್ತಾ ಇತ್ತು. ಮೂಲೆಯ ಕಾರ್ಪೆಟ್ ಕಿತ್ತು ಸುತ್ತಿ ಇಟ್ಟಿದ್ದರು. ಇಪ್ಪತ್ತು ವರ್ಷದಲ್ಲಿ ಹೀಗಾಗಿರಲಿಲ್ಲ ಅಂದರು, ಅಷ್ಟೇ. ನಮ್ಮ ತರಕಾರಿ ಮಡಿಯ ಮಾತು ಅವರು ಎತ್ತಲೇ ಇಲ್ಲ. ಅವರ ಹಿತ್ತಲಿನ ಕಿಟಕಿಯಿಂದ ನೋಡಿದಾಗ ನಮಗೇ ಕಾಣಿಸ್ತು. ಬೇಲಿಯ ಆಚೆ ಅವರ ಕಡೆ ಒಂದು ಸಣ್ಣ ಕೆರೆ, ಈಚೆ ನಾವು ಕಟ್ಟಿದ ಒಡ್ಡು.

ಹಗಲಿಡೀ ಲ್ಯಾಬಿನಲ್ಲಿ ಬೇರು, ಮಣ್ಣು ಅಂತ ಕೂರುವವರು ನಾವು. ನಾಚಿಕೆ ಆಯ್ತು.

ಮನೆಗೆ ಬಂದು ಮನೆ ಕೊಂಡಾಗಿನ ಕಾಗದಗಳನ್ನ ತೆಗೆದೆವು. ಸರ್ವೆ ನಕ್ಷೆಯಲ್ಲಿ ಹಿಂದಿನ ಗಡಿಯುದ್ದಕ್ಕೂ ಚುಕ್ಕಿ ಗೆರೆ, ಪಕ್ಕದಲ್ಲಿ ಡ್ರೇನೇಜ್ ಈಸ್‌ಮೆಂಟ್ ಅಂತ ಬರೆದಿತ್ತು. ಸಹಿ ಹಾಕುವಾಗ ಇದನ್ನೆಲ್ಲ ಯಾರು ನೋಡ್ತಾರೆ! ಆ ತಗ್ಗು ಆಕಸ್ಮಿಕವಾಗಿ ಆದದ್ದಲ್ಲ. ಬಡಾವಣೆ ಮಾಡುವಾಗ ಎಲ್ಲರ ಹಿತ್ತಲಿನ ನೀರು ಹರಿದು ಹೋಗಲಿ ಅಂತ ಬೇಕೆಂದೇ ಬಿಟ್ಟ, ಆಳವಿಲ್ಲದ ಅಗಲವಾದ ಹುಲ್ಲಿನ ಕಾಲುವೆ. ಇಲ್ಲಿ ಸ್ವೇಲ್ ಅಂತಾರೆ. ಮಲೆನಾಡಿನ ಅಡಿಕೆ ತೋಟ ನೋಡಿದವರಿಗೆ ಬಸಿಗಾಲುವೆ ಗೊತ್ತಲ್ವಾ, ಹೆಚ್ಚು ಕಮ್ಮಿ ಅದೇ. ಮೇಲಿನ ತೋಟದ ಬಸಿಗಾಲುವೆಯನ್ನ ಕೆಳಗಿನ ತೋಟದವನು ಮುಚ್ಚಿದರೆ ಏನಾಗತ್ತೆ ಅಂತ ಸಾಗರ, ಶಿರಸಿ ಕಡೆಯವರಿಗೆ ಹೇಳಬೇಕಾಗಿಲ್ಲ. ಬೆಂಗಳೂರಿನವರು ರಾಜಕಾಲುವೆ ನೆನಪು ಮಾಡಿಕೊಳ್ಳಿ. ನಾವು ಅದನ್ನೇ ಹೀರೆಬಳ್ಳಿ ಹಾಕಿಕೊಂಡು ಮಾಡಿದ್ದೆವು.

ಇನ್ನು ಮಣ್ಣಿನ ವಿಷಯ. ಇಲ್ಲಿನ ನೆಲ ಹಿಮನದಿಗಳು ಬಿಟ್ಟುಹೋದದ್ದು. ಅವು ಹಿಂದೆ ಸರಿದ ಮೇಲೆ ದೊಡ್ಡದೊಂದು ಸರೋವರ ಶಿಕಾಗೋ ನಗರದ ಜಾಗವನ್ನ ಮುಳುಗಿಸಿತ್ತು. ಡೆಟ್ರಾಯಿಟ್ ಇರುವ ನೆಲವೂ ಅಂಥದ್ದೇ ಹಳೆಯ ಸರೋವರಗಳ ತಳ. ಸಮತಟ್ಟು ನೆಲ, ಅಡಿಯಲ್ಲಿ ಜೇಡಿ. ಅದರ ಮೇಲೆ ಮನೆ ಕಟ್ಟುವಾಗ ಭಾರಿ ಯಂತ್ರಗಳು ಓಡಾಡಿ ಇದ್ದಬದ್ದ ರಂಧ್ರಗಳನ್ನೂ ಅದುಮಿಬಿಟ್ಟಿರತ್ತೆ. ನಿಮ್ಮ ಬೇಲಿ ಪಕ್ಕ ಒಂದು ಅಡಿ ಅಗೆದು ನೋಡಿ. ಮಣ್ಣು ಬೂದು ಬಣ್ಣ, ನಡುವೆ ತುಕ್ಕಿನ ಥರ ಕೆಂಪು ಚುಕ್ಕಿ ಇದ್ದರೆ ಅಲ್ಲಿ ವರ್ಷದಲ್ಲಿ ಬಹಳ ದಿನ ನೀರು ನಿಂತಿರತ್ತೆ. ಆಮ್ಲಜನಕ ಖಾಲಿಯಾದಾಗ ಬ್ಯಾಕ್ಟೀರಿಯಾಗಳು ಉಸಿರಾಟಕ್ಕೆ ಮಣ್ಣಿನ ಕಬ್ಬಿಣವನ್ನೇ ಬಳಸಿಕೊಳ್ತಾವೆ. ಆಗ ಕಬ್ಬಿಣ ಕರಗಿ ಹರಿದುಹೋಗಿ, ಉಳಿದ ಮಣ್ಣು ಬೂದಾಗತ್ತೆ. ಗಾಳಿಯಲ್ಲಿ ಹರಡುವುದಕ್ಕೆ ಹೋಲಿಸಿದರೆ ನೀರಿನಲ್ಲಿ ಆಮ್ಲಜನಕ ಸುಮಾರು 10,000 ಪಟ್ಟು ನಿಧಾನ. ಬೇಲಿ ಉದ್ದಕ್ಕೂ ಸಾಲಾಗಿ ನೆಟ್ಟ ಆರ್ಬರ್‌ವೈಟಿ ಗಿಡಗಳು ಕಂದುಬಣ್ಣಕ್ಕೆ ತಿರುಗೋದು ಎಷ್ಟೋ ಸಲ ಇದೇ ಕಾರಣಕ್ಕೆ. ನೀರು ಸಾಲದು ಅಂತ ನಾವು ಇನ್ನೂ ಪೈಪು ಹಿಡೀತೀವಿ.

ಡೆಟ್ರಾಯಿಟ್ ಕಡೆ, ನೋವೈಯಲ್ಲಿ ನಮ್ಮ ಅಕ್ಕ ಭಾವ ಇದ್ದಾರೆ. ಅವರ ಹಿತ್ತಲಲ್ಲೂ ಇದೇ ಕಥೆ. ಒಬ್ಬ ಗುತ್ತಿಗೆದಾರ ಬಂದು ಬೇಲಿಯುದ್ದಕ್ಕೂ ಫ್ರೆಂಚ್ ಡ್ರೇನ್ ಹಾಕಿಕೊಟ್ಟ. ಅಂದ್ರೆ ಉದ್ದ ಗುಂಡಿ ತೋಡಿ, ತೂತು ಪೈಪು ಇಟ್ಟು, ಜಲ್ಲಿ ತುಂಬೋದು. (ಇದಕ್ಕೂ ಫ್ರಾನ್ಸ್‌ಗೂ ಸಂಬಂಧ ಇಲ್ಲ. 1859ರಲ್ಲಿ ಹೊಲದ ಬಸಿಗಾಲುವೆಗಳ ಬಗ್ಗೆ ಪುಸ್ತಕ ಬರೆದ ಹೆನ್ರಿ ಫ್ಲ್ಯಾಗ್ ಫ್ರೆಂಚ್ ಅನ್ನೋ ಅಮೆರಿಕನ್ನರ ಹೆಸರು.) ಭಾವ ಸಾವಿರಾರು ಡಾಲರ್ ಕೊಟ್ಟರು. ಪೈಪಿನ ಇನ್ನೊಂದು ತುದಿ ಎಲ್ಲಿ ಅಂತ ಕೇಳಿದರೆ, ಎಲ್ಲೂ ಇಲ್ಲ! ಜೇಡಿಯೊಳಗೇ ಕೊನೆ. ಹೊರಗೆ ದಾರಿ ಇಲ್ಲದ ಡ್ರೇನು ಅಂದ್ರೆ ಜಲ್ಲಿ ತುಂಬಿದ ತೊಟ್ಟಿ ಅಷ್ಟೇ, ಮೊದಲ ದೊಡ್ಡ ಮಳೆಗೇ ತುಂಬಿತು. 1,000 ಚದರ ಅಡಿ ಸೂರಿನ ಮೇಲೆ ಒಂದು ಇಂಚು ಮಳೆ ಬಿದ್ದರೆ 2,300 ಲೀಟರ್‌ಗೂ ಹೆಚ್ಚು ನೀರು. ಊರಲ್ಲಿ ತಾರಸಿ ಮೇಲಿಡುವ ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕ್ ಎರಡು ತುಂಬಿ ಮಿಗತ್ತೆ. ಅದನ್ನ ಡೌನ್‌ಸ್ಪೌಟ್‌ನಿಂದ ನೇರ ಬೇಲಿಗೆ ಬಿಟ್ಟು, ಆಮೇಲೆ ಬೇಲಿ ಪಕ್ಕ ನೀರು ಅಂತ ಕೊರಗೋದು.

ಹಾಗಂತ ಫ್ರೆಂಚ್ ಡ್ರೇನ್ ಬೇಡವೇ ಬೇಡ ಅಂತಲ್ಲ. ತುದಿ ತಗ್ಗಿನಲ್ಲಿ ತೆರೆದುಕೊಳ್ಳೋ ಹಾಗಿದ್ದರೆ ಕೆಲಸ ಮಾಡತ್ತೆ. ಆದರೆ ಅದು ಕೊನೆಯ ಹೆಜ್ಜೆ, ಮೊದಲನೆಯದಲ್ಲ.

ಮೊದಲ ಹೆಜ್ಜೆ ಮಳೆಯಲ್ಲಿ ಕೊಡೆ ಹಿಡಿದು ಹೊರಗೆ ನಿಲ್ಲೋದು. ನೀರು ಎಲ್ಲಿಂದ ಬರತ್ತೆ, ಎಲ್ಲಿ ತಡೆಯತ್ತೆ ನೋಡಿ. ಮೂರು ನಾಲ್ಕು ಮನೆ ಆಚೆ ಯಾರೋ ಶೆಡ್ ಇಟ್ಟಿರಬಹುದು, ಬೇಲಿ ಹಲಗೆ ನೆಲಕ್ಕೆ ಊರಿ ಅದಕ್ಕೆ ಎಲೆ ಕಸ ಸಿಕ್ಕಿಕೊಂಡಿರಬಹುದು. ಆಮೇಲೆ ಅವರ ಬಾಗಿಲು ತಟ್ಟಿ. ನಮ್ಮವರಿಗೆ ಇದೇ ಕಷ್ಟ. ಕನ್ನಡ ಕೂಟದ ಯುಗಾದಿಗೆ ನೂರೈವತ್ತು ಜನಕ್ಕೆ ಹೋಳಿಗೆ ಬಡಿಸ್ತೀವಿ, ಬೇಲಿ ಆಚೆಯವರ ಹೆಸರು ಗೊತ್ತಿರೋದಿಲ್ಲ.

ಕಾನೂನೂ ಹೆಚ್ಚು ಕಮ್ಮಿ ಇದೇ ದಾರಿ ಹಿಡಿದಿದೆ. ನಾವು ವಕೀಲರಲ್ಲ. ಆದರೆ ಇಲಿನಾಯ್ಸ್‌ನಲ್ಲಿ ಮೇಲಿನ ಜಾಗದಿಂದ ಸಹಜವಾಗಿ ಬರುವ ನೀರನ್ನ ಕೆಳಗಿನವರು ತಡೆಯಬಾರದು ಅನ್ನೋ ತತ್ವವನ್ನ ಅಲ್ಲಿನ ಸುಪ್ರೀಂ ಕೋರ್ಟ್ 1869ರಲ್ಲೇ ಒಪ್ಪಿತ್ತು. ಮೇಲಿನವರೂ ಮಿತಿಮೀರಿ ನೀರು ಹೆಚ್ಚಿಸಿ ತಳ್ಳೋ ಹಾಗಿಲ್ಲ. ಮಿಶಿಗನ್‌ನ ಹೆಚ್ಚಿನ ಕೌಂಟಿಗಳಲ್ಲಂತೂ ಡ್ರೇನ್ ಕಮಿಷನರ್ ಅಂತ ಒಬ್ಬರನ್ನ ಜನ ಮತ ಹಾಕಿ ಆರಿಸ್ತಾರೆ. ಚರಂಡಿಗೊಂದು ಚುನಾವಣೆ! ನಮಗೆ ಇದು ಬಹಳ ಇಷ್ಟವಾದ ವಿಷಯ.

ನಾವು ಮಾಡಿದ್ದು ಇಷ್ಟು. ಅಗೆಯುವ ಮುಂಚೆ 811ಕ್ಕೆ ಫೋನ್ ಮಾಡಿ ಗ್ಯಾಸ್, ಕರೆಂಟ್ ಲೈನುಗಳ ಗುರುತು ಹಾಕಿಸಿದೆವು, ಅದು ಉಚಿತ. ಮಡಿ ಕಿತ್ತೆವು. ಹಿರಿಯರು ದಾರ, ಲೆವೆಲ್ ತಂದರು, ಇಬ್ಬರ ಮನೆಯವರೂ ಸೇರಿ 50 ಅಡಿಗೆ ಒಂದು ಅಡಿ ಇಳಿಜಾರು ಬರುವ ಹಾಗೆ ತಗ್ಗನ್ನ ಮತ್ತೆ ಕೆತ್ತಿದೆವು. ಬೇಲಿ ಹಲಗೆಗಳ ಅಡಿ ಮೂರು ಇಂಚು ಕತ್ತರಿಸಿದೆವು. ಡೌನ್‌ಸ್ಪೌಟ್ ನೀರನ್ನ ರಸ್ತೆ ಕಡೆಯ ಲಾನಿಗೆ ತಿರುಗಿಸಿದೆವು. ತಗ್ಗಿನ ಅಂಚಿಗೆ ಈ ನೆಲದ್ದೇ ಗಿಡಗಳು: ಸ್ವಾಂಪ್ ಮಿಲ್ಕ್‌ವೀಡ್, ಬ್ಲೂ ಫ್ಲ್ಯಾಗ್ ಐರಿಸ್, ನಮ್ಮ ಕೊನ್ನಾರಿಗಡ್ಡೆಯ ದೂರದ ಸಂಬಂಧಿಗಳಾದ ಸೆಡ್ಜ್‌ಗಳು. ಬೇರಿಗೆ ಗಾಳಿ ಸಾಗಿಸುವ ಕೊಳವೆಯಂಥ ಅಂಗಾಂಶ ಐರಿಸ್, ಸೆಡ್ಜ್‌ಗಳಲ್ಲಿ ಇರತ್ತೆ, ಹಾಗಾಗಿ ಒದ್ದೆ ಮಣ್ಣಲ್ಲೂ ಬದುಕ್ತಾವೆ. ಕಾಲುವೆಯ ನಡುವೆ ಮಾತ್ರ ಬರೀ ಹುಲ್ಲು, ನೀರಿಗೆ ದಾರಿ ಬೇಕಲ್ಲ.

ಈಗಲೂ ಜೋರು ಮಳೆಗೆ ಅಲ್ಲಿ ನೀರು ಬರತ್ತೆ, ಒಂದೂವರೆ ದಿನ ನಿಲ್ಲತ್ತೆ, ಹೋಗತ್ತೆ. ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರೋಕೆ ವಾರವಾದರೂ ಬೇಕು, ಹಾಗಾಗಿ ಆ ಭಯ ಇಲ್ಲ. 2002ರಲ್ಲಿ ಅಮೆರಿಕದಲ್ಲೇ ಅತಿ ಹೆಚ್ಚು ವೆಸ್ಟ್ ನೈಲ್ ರೋಗಿಗಳು ಇದ್ದದ್ದು ಇಲಿನಾಯ್ಸ್‌ನಲ್ಲಿ, ಅದಕ್ಕೇ ಹೇಳಿದೆವು.

ಹಿರಿಯರ ಪಂಪ್ ಈ ಏಪ್ರಿಲ್‌ನಲ್ಲಿ ಹೆಚ್ಚು ಓಡಲಿಲ್ಲವಂತೆ. ಹೀರೆಬಳ್ಳಿ ಈಗ ಡ್ರೈವ್‌ವೇ ಪಕ್ಕದ ಚಪ್ಪರಕ್ಕೆ ಬಂದಿದೆ. ಬಡಾವಣೆಯ ಸಂಘದಿಂದ ಇನ್ನೂ ಕಾಗದ ಬಂದಿಲ್ಲ, ಬಂದರೆ ಇನ್ನೊಂದು ಕಂತು ಮಾಡ್ತೀವಿ.