ಗುಜರಿ ಕಾರಿನ ಎಬಿಎಸ್ ಬಿಚ್ಚೋ ಮುಂಚೆ

ಕಾರನ್ನ ಗುಜರಿಗೆ ಹಾಕ್ತೀವಿ ಅಂದ್ರೆ ನಮ್ಮ ದೊಡ್ಡಗದ್ದವಳ್ಳಿ ಕಡೆ ಮೊದಲು ಬರೋ ಪ್ರಶ್ನೆ ಎರಡೇ. ಟೈರ್ ಹೆಂಗಿದೆ? ಬ್ಯಾಟರಿ ಯಾವಾಗ ಹಾಕ್ಸಿದ್ದು? ಬಾನೆಟ್ ಒಳಗೆ ಒಂದು ಮೂಲೆಯಲ್ಲಿ ಆರು ಸಣ್ಣ ಪೈಪ್ ಸಿಕ್ಕಿಸಿಕೊಂಡು ಕೂತಿರೋ ಅಲ್ಯೂಮಿನಿಯಂ ಡಬ್ಬಿಯನ್ನ ಯಾರೂ ಕೇಳಲ್ಲ. ಅದು ಕೆಜಿ ಲೆಕ್ಕದಲ್ಲಿ ಹೋಗಿಬಿಡುತ್ತೆ. ಅದೇ ಡಬ್ಬಿ ಹೊಸದು ಬೇಕು ಅಂತ ಶೋರೂಮಿಗೆ ಹೋದ್ರೆ ಮಾತ್ರ, ರೇಟ್ ಕೇಳಿ ಗಾಡಿನೇ ಮಾರಿಬಿಡೋಣ ಅನ್ಸುತ್ತೆ.

ಅದು ಎಬಿಎಸ್ ಯೂನಿಟ್. ಮೆಕ್ಯಾನಿಕ್‌ಗಳ ಬಾಯಲ್ಲಿ 'ಎಬಿಎಸ್ ಬ್ಲಾಕ್'. ನಾಲ್ಕೂ ಚಕ್ರದ ಹತ್ತಿರ ಒಂದೊಂದು ಸೆನ್ಸಾರ್ ಇರುತ್ತೆ. ಯಾವ ಚಕ್ರ ಎಷ್ಟು ವೇಗವಾಗಿ ತಿರುಗ್ತಿದೆ ಅಂತ ಅದು ಹೇಳ್ತಾ ಇರುತ್ತೆ. ಜೋರಾಗಿ ಬ್ರೇಕ್ ಒತ್ತಿದಾಗ ಒಂದು ಚಕ್ರ ತಿರುಗೋದು ನಿಂತು ಜಾರೋಕೆ ಶುರುವಾದ್ರೆ, ಯೂನಿಟ್ ಒಳಗಿನ ವಾಲ್ವ್‌ಗಳು ಆ ಚಕ್ರದ ಬ್ರೇಕ್ ಆಯಿಲ್ ಒತ್ತಡವನ್ನ ಸೆಕೆಂಡಿಗೆ ಹತ್ತು ಹದಿನೈದು ಸಲ ಬಿಟ್ಟು ಹಿಡಿದು ಮಾಡ್ತವೆ. ನಮ್ಮೂರ ಲಕ್ಷ್ಮೀದೇವಿ ಗುಡಿ ನೋಡಿದವರಿಗೆ ಗೊತ್ತು: ಗುಡಿ ಒಂದೇ, ಗರ್ಭಗುಡಿ ನಾಲ್ಕು. ಇಲ್ಲೂ ಹಾಗೇ. ಯೂನಿಟ್ ಒಂದೇ, ಆದ್ರೆ ಪ್ರತಿ ಚಕ್ರಕ್ಕೂ ಅದರದೇ ವಾಲ್ವ್, ಅದರದೇ ಲೆಕ್ಕ.

ನಮ್ಮ ದೇಶದಲ್ಲಿ ಹೊಸ ಮಾಡೆಲ್ ಕಾರುಗಳಿಗೆ ಎಬಿಎಸ್ ಕಡ್ಡಾಯ ಆಗಿದ್ದು 2018ರ ಏಪ್ರಿಲ್‌ನಲ್ಲಿ, ಆಗಲೇ ಮಾರಾಟದಲ್ಲಿದ್ದ ಮಾಡೆಲ್‌ಗಳಿಗೆ 2019ರ ಏಪ್ರಿಲ್‌ನಲ್ಲಿ. ಇದರಲ್ಲಿ ಒಂದು ಸೂಕ್ಷ್ಮ ಇದೆ. ಹದಿನೈದು ವರ್ಷ ಓಡಿ ವಯಸ್ಸಾಗಿ ಗುಜರಿಗೆ ಬರೋ ಸಣ್ಣ ಕಾರುಗಳಲ್ಲಿ ಹೆಚ್ಚಿನವಕ್ಕೆ ಎಬಿಎಸ್ ಇರೋದೇ ಇಲ್ಲ. ಇರೋ ಕಾರು ಇಷ್ಟು ಬೇಗ ಗುಜರಿಗೆ ಬಂದಿದೆ ಅಂದ್ರೆ, ಒಂದೋ ಆಕ್ಸಿಡೆಂಟ್ ಆಗಿರುತ್ತೆ, ಇಲ್ಲಾ ನೀರಲ್ಲಿ ಮುಳುಗಿರುತ್ತೆ. ಹಾಗಾಗಿ ಪಾರ್ಟ್ ಹೇಗಿದೆ ಅನ್ನೋದಕ್ಕಿಂತ ಮೊದಲು, ಆ ಕಾರು ಯಾಕೆ ಸತ್ತಿತು ಅಂತ ಕೇಳಬೇಕು. ಮುಂದುಗಡೆ ಗುದ್ದಿ ಎಬಿಎಸ್ ಕೂತಿರೋ ಮೂಲೆನೇ ಒಳಗೆ ಹೋಗಿದ್ರೆ ಬೇಡ. ಕನೆಕ್ಟರ್ ಬಿಚ್ಚಿ ನೋಡಿದಾಗ ಪಿನ್‌ಗಳ ಮೇಲೆ ಹಸಿರು ಕಿಲುಬು ಇದ್ರೆ ಅದೂ ಬೇಡ.

ಇನ್ನೊಂದು ಮಾತು. ನಿಮ್ಮ ಕಾರಿಗೆ ನಿಜವಾಗ್ಲೂ ಬ್ಲಾಕ್ ಬೇಕಾ?

ಕಳೆದ ಮಳೆಗಾಲದಲ್ಲಿ ನಮ್ಮ ಚಿಕ್ಕಪ್ಪನ ಕಾರಲ್ಲಿ ಎಬಿಎಸ್ ಲೈಟ್ ಹತ್ತಿ ಆರಲೇ ಇಲ್ಲ. "ಬ್ಲಾಕ್ ಹೋಗೈತೆ ಸಾರ್, ಹಳೇದೊಂದು ಸಿಗುತ್ತೆ, ಹಾಕಿಬಿಡಣ" ಅಂದ್ರು ಒಬ್ಬ ಮೆಕ್ಯಾನಿಕ್. ಲಾಗ್ ನೋಡದೆ ಸರ್ವರ್ ಬದಲಾಯಿಸಿ ಅಂದ್ರೆ ಆಫೀಸಲ್ಲಿ ನಾವು ಒಪ್ತೀವಾ? ಸ್ಕ್ಯಾನರ್ ಹಾಕ್ಸಿದ್ವಿ. ಬಂದ ಕೋಡ್ 'ಸಿ' ಅಕ್ಷರದಿಂದ ಶುರುವಾಗಿತ್ತು, ಅಂದ್ರೆ ಚಾಸಿಗೆ ಸಂಬಂಧಿಸಿದ್ದು. ತೋರಿಸಿದ್ದು ಹಿಂದಿನ ಎಡ ಚಕ್ರದ ಸೆನ್ಸಾರ್. ಕೆಸರು ರಸ್ತೆಯ ನಮ್ಮ ಕಡೆ ಮೊದಲು ಕೈಕೊಡೋದು ಬಹುಪಾಲು ಈ ಸೆನ್ಸಾರ್, ಇಲ್ಲಾ ಅದರ ವೈರು. ಇಡೀ ಬ್ಲಾಕ್‌ಗೆ ದುಡ್ಡು ಸುರಿಯೋ ಬದಲು ಗುಜರಿಯಿಂದ ಅದೇ ಮಾಡೆಲ್ಲಿನ ಒಂದು ಸೆನ್ಸಾರ್ ತಂದ್ವಿ, ಲೈಟ್ ಆರಿತು.

ಬಿಚ್ಚೋ ಕ್ರಮಕ್ಕೆ ಬರೋಣ. ಗುಜರಿ ಕಾರಿನ ಬ್ಯಾಟರಿಗೆ ಜೀವ ಇದ್ರೆ ಮೊದಲು ಕೀ ಆನ್ ಮಾಡಿ. ಎಬಿಎಸ್ ಲೈಟ್ ಹತ್ತಿ ಕೆಲವು ಸೆಕೆಂಡಲ್ಲಿ ಆರಿದ್ರೆ ಒಳ್ಳೇ ಲಕ್ಷಣ. ಸ್ಕ್ಯಾನರ್ ಸಿಕ್ಕಿದ್ರೆ ಕೋಡ್ ಬರೆದಿಟ್ಟುಕೊಳ್ಳಿ. ಆಮೇಲೆ ಕೀ ಆಫ್ ಮಾಡಿ ಬ್ಯಾಟರಿಯ ಮೈನಸ್ ತೆಗೆದು ಕೆಲವು ನಿಮಿಷ ಕಾಯಿರಿ. ಸಿಡಿಯದೆ ಉಳಿದ ಏರ್‌ಬ್ಯಾಗ್ ಇದ್ದೀತು.

ಪೈಪ್ ಬಿಚ್ಚೋ ಮುಂಚೆ ಫೋನಲ್ಲಿ ನಾಲ್ಕು ಕಡೆಯಿಂದ ಫೋಟೋ ತೆಗೀರಿ. ಆರು ಪೈಪಲ್ಲಿ ಎರಡು ಮಾಸ್ಟರ್ ಸಿಲಿಂಡರಿಂದ ಬರೋದು, ನಾಲ್ಕು ಚಕ್ರಗಳಿಗೆ ಹೋಗೋದು. ಮಾಮೂಲಿ ಸ್ಪ್ಯಾನರ್ ಹಾಕಿ ತಿರುಗಿಸಿದ್ರೆ ನಟ್ಟಿನ ಮೂಲೆ ಸವೆದು ಹೋಗುತ್ತೆ. ಪೈಪ್ ಒಳಗೆ ತೂರುವಷ್ಟು ಮಾತ್ರ ಬಾಯಿ ತೆರೆದಿರೋ ಬ್ರೇಕ್ ಪೈಪ್ ಸ್ಪ್ಯಾನರೇ ಬೇಕು. ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತೆ, ಕಣ್ಣಿಗೆ ಕೆಟ್ಟದ್ದು. ಗ್ಲೌಸ್, ಕನ್ನಡಕ ಇರಲಿ.

ಬಿಚ್ಚಿದ ತಕ್ಷಣ ಯೂನಿಟ್ಟಿನ ಆರೂ ತೂತಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿ. ಒಳಗಿನ ಆಯಿಲ್ ಚೆಲ್ಲಿ ಒಣಗಿಸಬೇಡಿ. ಗಾಳಿ, ತೇವ ಹೋದ್ರೆ ವಾಲ್ವ್ ತುಕ್ಕು ಹಿಡಿಯುತ್ತೆ. ಒಂದು ಕಣ ಮರಳು ಸಾಕು, ವಾಲ್ವ್ ಸಿಕ್ಕಿಹಾಕಿಕೊಳ್ಳೋಕೆ. ಕನೆಕ್ಟರ್ ಜೊತೆ ಒಂದು ಗೇಣು ವೈರ್ ಬಿಟ್ಟು ಕತ್ತರಿಸಿಕೊಳ್ಳಿ, ಅದು ಬಿಡಿಯಾಗಿ ಸಿಗೋದು ಕಷ್ಟ.

ಸೆನ್ಸಾರ್ ತುಕ್ಕಿಗೆ ಅಂಟಿಕೊಂಡಿರುತ್ತೆ. ವೈರ್ ಹಿಡಿದು ಎಳೆದ್ರೆ ಅಲ್ಲಿಗೆ ಮುಗೀತು. ತುಕ್ಕು ಬಿಡಿಸೋ ಸ್ಪ್ರೇ ಹೊಡೆದು ಅರ್ಧ ಗಂಟೆ ಬಿಟ್ಟು, ಎಡಕ್ಕೆ ಬಲಕ್ಕೆ ನಿಧಾನವಾಗಿ ಅಲ್ಲಾಡಿಸಿ ತೆಗೀರಿ.

ಈಗ ಸಾಫ್ಟ್‌ವೇರ್ ಕಥೆ. ಕಾರಿನ ಹೆಸರು ಒಂದೇ ಅಂದ ಮಾತ್ರಕ್ಕೆ ಯೂನಿಟ್ ಒಂದೇ ಅಲ್ಲ. ಬರೀ ಎಬಿಎಸ್ ಇರೋ ವೇರಿಯಂಟ್ ಬೇರೆ, ಇಎಸ್‌ಪಿ ಇರೋದು ಬೇರೆ. ಸ್ಟಿಕ್ಕರ್ ಮೇಲಿನ ಪಾರ್ಟ್ ನಂಬರ್ ಕೊನೇ ಅಂಕಿವರೆಗೂ ಹೊಂದಬೇಕು. ಹೊಂದಿದ್ರೂ ಎಷ್ಟೋ ಗಾಡಿಗಳಲ್ಲಿ ಸ್ಕ್ಯಾನರ್ ಹಾಕಿ ಕೋಡಿಂಗ್ ಮಾಡಿಸಬೇಕಾಗುತ್ತೆ. ಬ್ಲೀಡಿಂಗ್ ಕೂಡ ಪೆಡಲ್ ತುಳಿದು ಮಾಡಿದ್ರೆ ಸಾಲದೇ ಇರಬಹುದು. ಯೂನಿಟ್ ಒಳಗಿನ ಗಾಳಿ ಹೊರಗೆ ಬರೋಕೆ ಸ್ಕ್ಯಾನರಿಂದಲೇ ಪಂಪ್ ಓಡಿಸಬೇಕು. ಈ ಸೌಲಭ್ಯ ಇಲ್ಲದ ಗ್ಯಾರೇಜಲ್ಲಿ ಹಳೇ ಬ್ಲಾಕ್ ಹಾಕಿಸಬೇಡಿ.

ಬ್ರೇಕ್ ಪ್ಯಾಡ್, ರಬ್ಬರ್ ಹೋಸ್, ಸೀಟ್ ಬೆಲ್ಟ್, ಏರ್‌ಬ್ಯಾಗ್ ಇವನ್ನೆಲ್ಲ ಗುಜರಿಯಿಂದ ತರೋ ಯೋಚನೆನೇ ಬೇಡ. ಆಯಿಲ್ ಕೂಡ ಹೊಸ ಡಬ್ಬಿಯದೇ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಲ್ಲ. ತೇವ ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತೆ. ಸಕಲೇಶಪುರ ದಾಟಿ ಶಿರಾಡಿ ಘಾಟ್ ಇಳಿಯುವಾಗ ಬಿಸಿಯಾದ ಬ್ರೇಕಿಗೆ ಈ ವ್ಯತ್ಯಾಸ ಗೊತ್ತಾಗುತ್ತೆ.

ಕಾಗದಪತ್ರ ಮರೀಬೇಡಿ. ಗಾಡಿ ಶಾಶ್ವತವಾಗಿ ಓಡದ ಸ್ಥಿತಿಗೆ ಬಂದ್ರೆ ಹದಿನಾಲ್ಕು ದಿನದೊಳಗೆ, ಇಲ್ಲಾ ಸಾಧ್ಯವಾದಷ್ಟು ಬೇಗ, ಆರ್‌ಟಿಒಗೆ ತಿಳಿಸಬೇಕು ಅನ್ನುತ್ತೆ 1988ರ ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್. 2021ರ ಸೆಪ್ಟೆಂಬರಲ್ಲಿ ಬಂದ ಸ್ಕ್ರ್ಯಾಪಿಂಗ್ ನಿಯಮದ ಪ್ರಕಾರ ನೋಂದಾಯಿತ ಕೇಂದ್ರಕ್ಕೆ ಗಾಡಿ ಕೊಟ್ರೆ 'ಸರ್ಟಿಫಿಕೇಟ್ ಆಫ್ ಡೆಪಾಸಿಟ್' ಸಿಗುತ್ತೆ. ಅದನ್ನ ತೋರಿಸಿ ಹೊಸ ಖಾಸಗಿ ವಾಹನ ತಗೊಳ್ಳೋವಾಗ ರಸ್ತೆ ತೆರಿಗೆಯಲ್ಲಿ ಶೇ. 25ರವರೆಗೆ ರಿಯಾಯಿತಿ ಕೊಡೋಕೆ ಕೇಂದ್ರದ ನಿಯಮದಲ್ಲಿ ಅವಕಾಶ ಇದೆ. ಪಾರ್ಟ್ ಬಿಚ್ಚಿಕೊಂಡು ಕೊಟ್ರೆ ನಡೆಯುತ್ತಾ, ಬೆಲೆ ಎಷ್ಟು ಕಮ್ಮಿ ಆಗುತ್ತೆ ಅಂತ ಮೊದಲೇ ಕೇಳಿಕೊಳ್ಳಿ. ಆರ್‌ಸಿ ರದ್ದಾಗೋವರೆಗೆ ಆ ಗಾಡಿ ನಿಮ್ಮ ಹೆಸರಲ್ಲೇ ಇರುತ್ತೆ. ನಾಳೆ ಅದರ ಚಾಸಿ ನಂಬರನ್ನ ಯಾರೋ ಕದ್ದ ಗಾಡಿಗೆ ಬಳಸಿದ್ರೆ ಪೊಲೀಸರು ಹುಡುಕಿಕೊಂಡು ಬರೋದು ನಿಮ್ಮ ಮನೆಗೇ.

ಬಿಚ್ಚಿದ ಯೂನಿಟ್ ಮಾರೋದಾದ್ರೆ ಅದಕ್ಕೊಂದು ಚೀಟಿ ಕಟ್ಟಿ: ಪಾರ್ಟ್ ನಂಬರ್, ಕಾರಿನ ಮಾಡೆಲ್ ಮತ್ತು ವರ್ಷ, ಎಲ್ಲಿ ಗುದ್ದಿತ್ತು, ಯಾವ ಕೋಡ್ ಇತ್ತು, ಬಿಚ್ಚಿದ ತಾರೀಖು. ಐದು ಸಾಲು ಸಾಕು. ಕೊಳ್ಳೋರು ನೀವಾದ್ರೆ ಆ ಐದು ಸಾಲನ್ನ ಕೇಳಿ ಬರೆಸಿಕೊಳ್ಳಿ. ಉತ್ತರ ಸಿಗದಿದ್ರೆ ರೇಟ್ ಎಷ್ಟೇ ಕಮ್ಮಿ ಇದ್ರೂ ಅಲ್ಲೇ ಬಿಟ್ಟು ಬನ್ನಿ. ಮ್ಯೂಸಿಕ್ ಸಿಸ್ಟಮ್ ಕೆಟ್ರೆ ಹಾಡು ನಿಲ್ಲುತ್ತೆ, ಅಷ್ಟೇ. ಬ್ರೇಕಿನ ವಿಷಯ ಹಾಗಲ್ಲ.